ಬಲಗಡೆಯ ಮೂತಿ

"ಇನ್ನೊಂದು ಕೂದಲೆಳೆಯಷ್ಟು ತೆಗಿ."

"ತೆಗೆಯೋಕೆ ಇನ್ನೇನೂ ಉಳಿದಿಲ್ಲ ಮಾಯೆಸ್ತ್ರೊ."

"ನನ್ನ ಕಣ್ಣು ಹೇಳ್ತಿದೆ, ತೆಗಿ."

ಒರೆಸ್ತೆ ತೆಗೆದ. ಮೂವತ್ತು ವರ್ಷದಿಂದ ಇಟಲಿಯ ತೂರಿನ್ನಿನ ಕಾರು ವಿನ್ಯಾಸದ ಸ್ಟುಡಿಯೋಗಳಲ್ಲಿ ಮೇಣದ ಮಣ್ಣು ಕೆರೆಯುತ್ತ ಬಂದವನಿಗೆ ಮಾಯೆಸ್ತ್ರೊ ಅನ್ನಿಸಿಕೊಂಡ ಗುರುಗಳ ಕಣ್ಣಿನ ಜೊತೆ ವಾದಕ್ಕಿಳಿಯಬಾರದೆಂದು ಗೊತ್ತಿತ್ತು. ಮಾಯೆಸ್ತ್ರೊ ಎವಾಸಿಯೊ ಪೆಯ್ರೆತ್ತಿ ಮಂಡಿಯೂರಿ ಕೂತು, ಒಂದು ಕಣ್ಣು ಮುಚ್ಚಿ, ಕಾರಿನ ಮೂತಿಯನ್ನೇ ದಿಟ್ಟಿಸುತ್ತಿದ್ದ. ಐವತ್ತೇಳು ವರ್ಷದ ಮಂಡಿ ನೋಯುತ್ತಿತ್ತು. ನೋಯಲಿ ಅಂದುಕೊಂಡ.

ಅದು ನಿಜದ ಕಾರಲ್ಲ. ನಿಜದ ಅಳತೆಯ ಮಣ್ಣಿನ ಮಾದರಿ. ನಟ್ಟನಡುವೆ ಒಂದು ಗೆರೆ. ಗೆರೆಯ ಎಡಕ್ಕೆ ಒಬ್ಬರ ಕಾರಿನ ಅರ್ಧ, ಬಲಕ್ಕೆ ಇನ್ನೊಬ್ಬರ ಕಾರಿನ ಅರ್ಧ. ಈ ಕಸುಬಿನ ಹಳೇ ಪದ್ಧತಿ ಇದು. ಮಣ್ಣೂ ಉಳಿಯುತ್ತದೆ, ಜಗಳವೂ ಒಂದೇ ಕಡೆ ನಿಂತು ಮುಗಿಯುತ್ತದೆ.

'ಲಿಂಚೆ' ಅನ್ನುವ ಈ ಕಾರು ರಸ್ತೆಗಿಳಿದು ನಾಲ್ಕು ವರ್ಷವಾಗಿತ್ತು. ಇನ್ನೂ ನಾಲ್ಕು ವರ್ಷ ಅದೇ ಇಂಜಿನ್ನು, ಅದೇ ಮೈಕಟ್ಟು ಓಡಬೇಕು. ಮುಖ ಮಾತ್ರ ಈಗ ಬದಲಾಗಬೇಕಂತೆ. ಯಾಕಪ್ಪಾ ಅಂದರೆ, ಪಕ್ಕದ ಮನೆಯವನಿಗೆ ಇದು ಹೊಸದು ಅಂತ ಗೊತ್ತಾಗಬೇಕಲ್ಲ! ಎಡಗಡೆಯ ಅರ್ಧವನ್ನು ಜಿನೆವ್ರಾ ಅನ್ನುವ ಹೊಸ ಹುಡುಗಿ ಮಾಡಿದ್ದಳು. ಸೀಳಿದಂತಹ ದೀಪ, ಕಿವಿಯವರೆಗೆ ಹರಿದ ಬಾಯಿ, ಕೆನ್ನೆಯಲ್ಲೊಂದು ಕಿಂಡಿ. ಬಲಗಡೆಯದು ಎವಾಸಿಯೊನದು. ಅವನು ಏನನ್ನೂ ಬದಲಾಯಿಸಿರಲಿಲ್ಲ. ತಾನೇ ಹಿಂದೆ ಬರೆದಿದ್ದ ಮುಖವನ್ನು ಇದ್ದದ್ದು ಇದ್ದ ಹಾಗೆ ಮತ್ತೆ ಕಟ್ಟಿದ್ದ. ಮುಖ ಬದಲಿಸಿ ಅನ್ನುವವರಿಗೆ ಅದೇ ಅವನ ಉತ್ತರವಾಗಿತ್ತು.

ಅವನ ಮದುವೆ ಮುರಿದು ಹೋಗಿತ್ತು. ಅವನು ಬರೆದ ಬೇರೆ ಕಾರುಗಳಿಗೆಲ್ಲ ಹತ್ತು ಜನ ಕೈ ಹಾಕಿ ಕೆಡಿಸಿದ್ದರು. ಇದೊಂದು ಮುಖ ಮಾತ್ರ ಪೂರಾ ಅವನದು, ನಾಚಿಕೆಯಿಲ್ಲದೆ ಬೆರಳು ತೋರಿಸಬಹುದಾದದ್ದು. ಹೋದ ಸೋಮವಾರ ಎಲ್ಲರ ಮುಂದೆ ಹೇಳಿಬಿಟ್ಟಿದ್ದ: "ಆ ಮುಖ ಒಂದು ಬೆರಳಷ್ಟು ಅತ್ತಿತ್ತ ಆದ್ರೂ ನಾನು ಇಲ್ಲಿರಲ್ಲ."

ಜಿನೆವ್ರಾ ಕಾಫಿ ಕಪ್ಪು ಹಿಡಿದುಕೊಂಡು ಬಂದಳು.

"ಮಾಯೆಸ್ತ್ರೊ, ಒಂದ್ಸಲ ಹಲಗೆ ಇಟ್ಟು ನೋಡಬಾರ್ದಾ?"

ರಸ್ತೆಯ ಮೇಲಿರುವ ಲಿಂಚೆಯ ಮೂತಿಯ ಆಕಾರಕ್ಕೆ ಸರಿಯಾಗಿ ಕೊರೆದ ಮರದ ಹಲಗೆಯೊಂದು ಗೋಡೆಗೆ ಒರಗಿತ್ತು. ಮಣ್ಣಿಗೆ ಒತ್ತಿ ಹಿಡಿದರೆ ಕೂದಲಷ್ಟು ವ್ಯತ್ಯಾಸವೂ ತಿಳಿಯುತ್ತದೆ. ಆರು ವಾರದಿಂದ ಎವಾಸಿಯೊ ಅದನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ತೂರಿನ್ನಿನ ಹಳೇ ತಲೆಗಳಿಗೆ ಅಳತೆಪಟ್ಟಿ ಅಂದರೇ ಅವಮಾನ.

"ಹೆತ್ತ ತಾಯಿಗೆ ಮಗು ಗುರುತು ಹಿಡಿಯೋಕೆ ಫೋಟೊ ಬೇಕೇನಮ್ಮ?"

"ಹಾಗಲ್ಲ..."

"ನಿನ್ನದಕ್ಕೆ ಇಟ್ಕೋ. ಹಸಿದ ಮೀನಿನ ಥರ ಇದೆ."

"ಹಸಿದಿರೋದೇ ಈಗ ಮಾರಾಟ ಆಗೋದು," ಎಂದು ನಕ್ಕಳು. ಸಿಟ್ಟೇ ಬರಲಿಲ್ಲ ಅವಳಿಗೆ. ಅದಕ್ಕೇ ಎವಾಸಿಯೊನಿಗೆ ಮೈ ಉರಿಯಿತು.

ಹನ್ನೊಂದಕ್ಕೆ ನಿಜದ ಕಾರಿನ ಹಾಗೆ ಹೊಳೆಯಲೆಂದು ಮಾದರಿಯ ಮೈಗೆ ಬೆಳ್ಳಿಬಣ್ಣದ ತೆಳು ಹಾಳೆ ಅಂಟಿಸಿ ಅಂಗಳದ ಬಿಸಿಲಿಗೆ ತಳ್ಳಿದರು. ಕಂಪನಿಯ ದೊಡ್ಡವನು, ಇಂಜಿನಿಯರ್ ಬಾರಾವಾಲ್ಲೆ, ಕರೀ ಬಣ್ಣ ಹಚ್ಚಿದ ತಲೆಯನ್ನು ಅತ್ತಿತ್ತ ವಾಲಿಸುತ್ತ ಒಂದು ಸುತ್ತು ಬಂದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ ನೋಡಿದ.

"ಹಳೇದು ಎಲ್ಲಿ?"

"ನಿಮ್ಮ ಮುಂದೇ ಇದೆ."

"ತಮಾಷೆ ಬೇಡ. ಎರಡೂ ಹೊಸದೇ ಅಲ್ವಾ? ನೀವೂ ದಾರಿಗೆ ಬಂದ್ರಿ ಅಂತ ನಂಗ್ಯಾರೂ ಹೇಳ್ಲೇ ಇಲ್ವಲ್ಲ!"

"ನಾನು ಏನೂ ಮುಟ್ಟಿಲ್ಲ, ಇಂಜಿನಿಯರ್."

ಬಾರಾವಾಲ್ಲೆ ಹುಬ್ಬೇರಿಸಿದ. ಒರೆಸ್ತೆ ಯಾರೂ ಹೇಳದೆಯೇ ಒಳಗೆ ಹೋಗಿ ಹಲಗೆ ತಂದು ಬಲಗಡೆಯ ಮೂತಿಗೆ ಹಿಡಿದ.

ಹಲಗೆ ಕೂರಲಿಲ್ಲ. ಹಲಗೆಗೂ ಮಣ್ಣಿಗೂ ನಡುವೆ ಬಿಸಿಲು ತೂರಿ ಬಂತು. ದೀಪದ ಮೂಲೆ ಮೇಲಕ್ಕೆ ಸರಿದಿತ್ತು, ಬಾಯಿಯ ಅಂಚು ಹಿಂದಕ್ಕೆ ಎಳೆದಿತ್ತು. ಒರೆಸ್ತೆ ಸಂದಿನಲ್ಲಿ ಬೆರಳು ಹಾಕಿ ನೋಡಿದ. ಒಂದು. ಎರಡು. ಮೂರನೆಯದೂ ಹೋಯಿತು.

ಆರು ವಾರ, ಬೆಳಗ್ಗೆ ಬಂದ ಕೂಡಲೇ ಎವಾಸಿಯೊ ನೋಡುತ್ತಿದ್ದದ್ದು ಎಡಗಡೆಯನ್ನು. ಬೈಯುವುದಕ್ಕೆಂದೇ ನೋಡುತ್ತಿದ್ದ. ಮನಸ್ಸು ತುಂಬಾ ಬೈದಾದ ಮೇಲೆ ಬಲಗಡೆಗೆ ಬಂದು, ಇನ್ನೊಂದು ಕೂದಲೆಳೆ ಅನ್ನುತ್ತಿದ್ದ.

"ನಿನಗೆ ಗೊತ್ತಿತ್ತಾ?" ಎಂದ, ಒರೆಸ್ತೆಯ ಕಡೆ ತಿರುಗಿ.

"ನಿಮ್ಮ ಕಣ್ಣು ಹೇಳ್ತಿದೆ ಅಂದ್ರಿ," ಎಂದ ಒರೆಸ್ತೆ, ನೆಲ ನೋಡುತ್ತ.

ಬಾರಾವಾಲ್ಲೆ ನಗು ತಡೆಯಲಾರದೆ ಹೋದ. "ಒಂದು ಬೆರಳಿಗೇ ಮನೆಗೆ ಹೋಗ್ತೀನಿ ಅಂದಿದ್ರಿ. ನೀವೇ ಮೂರು ಬೆರಳು ದಾಟಿದ್ದೀರಲ್ರೀ!" ಎಂದು ಅವನ ಹೆಗಲು ತಟ್ಟಿದ. "ಹುಡುಗೀದೇ ಇರಲಿ. ನಿಮ್ಮದೂ ಅದೇ, ಸ್ವಲ್ಪ ಹೆದರಿಕೊಂಡಿದೆ ಅಷ್ಟೆ. ನಾಲ್ಕು ಗಂಟೆಗೆ ಒಪ್ಪಿಗೆ ಪತ್ರಕ್ಕೆ ನಿಮ್ಮ ಸಹಿ ಬೇಕು. ಹಿರಿಯರ ಸಹಿ ಇದ್ರೆ ಚೆಂದ."

"ಊಟ ಮಾಡಿ ಬರ್ತೀನಿ."

"ಮಾಡಿ ಮಾಡಿ. ಅವಸರ ಇಲ್ಲ."

ಊಟ ಮಾಡಲಿಲ್ಲ. ಟ್ರಾಮಿನ ಹಳಿ ಹಿಡಿದು ಸುಮ್ಮನೆ ನಡೆದ. ಕಣ್ಣು ಮುಚ್ಚಿ ಹಳೇ ಮುಖವನ್ನು ನೆನಪಿಸಿಕೊಳ್ಳಲು ನೋಡಿದರೆ ಬಂದದ್ದು ಜಿನೆವ್ರಾಳ ಮೀನು. ಮತ್ತೆ ಪ್ರಯತ್ನಪಟ್ಟ. ಮತ್ತೆ ಅದೇ ಮೀನು ಬಾಯಿ ತೆರೆಯಿತು. ಅವನಿಗೆ ನಿಜವಾಗಿ ಭಯವಾಯಿತು. ಎಲ್ಲಾದರೂ ಒಂದು ಲಿಂಚೆ ಕಂಡರೆ ಸಾಕು, ಕಣ್ತುಂಬ ನೋಡಿಕೊಂಡು ವಾಪಸು ಹೋಗಿ, ಸಹಿ ಹಾಕಲ್ಲ ಕಣಯ್ಯಾ ಅಂತ ಹೇಳಿಬಿಡಬಹುದು.

ಬೋರ್ಗೊ ಸಾನ್ ಪಾವ್ಲೊ ಬಡಾವಣೆಯ ಒಂದು ಮಾಂಸದಂಗಡಿಯ ಮುಂದೆ ಕೆಂಪು ಲಿಂಚೆ ನಿಂತಿತ್ತು. ಹಿಂಭಾಗದಿಂದಲೇ ಗುರುತು ಸಿಕ್ಕಿತು. ಹೆಚ್ಚುಕಡಿಮೆ ಓಡುತ್ತ ಮುಂದಕ್ಕೆ ಹೋದ.

ಮೂತಿಗೆ ಕರೀ ಪ್ಲಾಸ್ಟಿಕ್ಕಿನ ದೊಡ್ಡ ಬಾಯಿಯೊಂದನ್ನು ಅಂಟಿಸಿದ್ದರು. ದೀಪಗಳ ಮೇಲರ್ಧಕ್ಕೆ ಕಪ್ಪು ಪಟ್ಟಿ ಬಳಿದು ಸೀಳುಗಣ್ಣು ಮಾಡಿದ್ದರು.

"ಹೇಗಿದೆ?" ಎಂದು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಅಂಗಡಿಯವನು ಹೊರಗೆ ಬಂದ. "ನಾನೇ ಮಾಡಿಸಿದ್ದು. ಇಂಜಿನ್ನು ಹುಲಿ ಸ್ವಾಮೀ, ಆದ್ರೆ ಮುಖ ನೋಡಿದ್ರೆ ಕ್ಷಮಿಸಿ ಅಂತ ಬೇಡಿಕೊಳ್ಳೋ ಹಾಗಿತ್ತು."

"ಇದನ್ನ ಕಿತ್ರೆ ಕೆಳಗೆ ಹಳೇದು ಇರುತ್ತಾ?"

"ಎಲ್ಲಿಂದ? ಅಂಟು ಹಿಡೀಲಿ ಅಂತ ಉಜ್ಜಿ ಹಾಕಿದ್ವಿ. ಯಾಕೆ, ಕೊಳ್ತೀರಾ?"

"ಬರೆದವನು ನಾನು."

"ಏನು ಬರೆದವರು?"

"ಈ ಕಾರು. ಈ ಮುಖ."

ಅಂಗಡಿಯವನು ಬಾಯ್ಬಿಟ್ಟ. "ನಿಜವಾಗ್ಲೂ? ಅಯ್ಯೋ, ನಮ್ಮೋರು ಯಾರೂ ನಂಬಲ್ಲ! ಬನ್ನಿ, ಬನ್ನಿ, ಒಂದು ಫೋಟೊ!" ಎಂದು ಎವಾಸಿಯೊನ ಹೆಗಲಿಗೆ ತೋಳು ಹಾಕಿ, ಕಾರಿನ ಮೂತಿಯ ಪಕ್ಕಕ್ಕೆ ಎಳೆದುಕೊಂಡು, ಫೋನನ್ನು ತಮ್ಮಿಬ್ಬರ ಕಡೆಗೇ ತಿರುಗಿಸಿ ಚಾಚಿ ಹಿಡಿದ. ಏಪ್ರನ್ನಿನಿಂದ ಹಸಿ ಮಾಂಸದ ವಾಸನೆ ಬರುತ್ತಿತ್ತು.

ಪರದೆಯಲ್ಲಿ ಮುಖ ಗುರುತಿಸುವ ಎರಡು ಹಳದಿ ಚೌಕ ಮೂಡಿದವು. ಒಂದು ಅಂಗಡಿಯವನ ಮುಖದ ಸುತ್ತ, ಇನ್ನೊಂದು ಕಾರಿನ ಮೂತಿಯ ಸುತ್ತ.

"ನಿಮ್ಮ ಮುಖ ಹಿಡೀತಿಲ್ಲ ಇದು. ಸ್ವಲ್ಪ ಈಚೆ ಬನ್ನಿ."

ಎವಾಸಿಯೊ ಬಂದ.

"ತಲೆ ಎತ್ತಿ."

ಎತ್ತಿದ. ಚೌಕಗಳು ಎರಡೇ ಇದ್ದವು.

"ನಗ್ರೀ, ನಗಬೇಕು! ನಕ್ರೆ ಹಿಡಿಯುತ್ತೆ."

ಎವಾಸಿಯೊ ಪರದೆಯನ್ನೇ ನೋಡುತ್ತ ತುಟಿ ಸರಿಸಿದ. ಹಲ್ಲು ತೋರಿಸಿದ. ಆಮೇಲೆ, ಕಣ್ಣು ಕಿರಿದು ಮಾಡಿ, ಬಾಯಿಯನ್ನು ಇನ್ನೂ ಅಗಲಿಸಿದ.