ಬಾಯಿಜೋರಿನವಳು

“ಸೋಪಿಗೆ ಬರೀತೀಯ, ಶಾಂಪೂಗೆ ಬರೀತೀಯ, ಹೆತ್ತಮ್ಮನಿಗೆ ನಾಲ್ಕು ಸಾಲು ಬರಿಯೋಕೆ ನಿನಗೇನು ದಾಡಿ?” ಎಂದು ಅಣ್ಣ ಫೋನಿನಲ್ಲಿ ರೇಗಿದಾಗ ಅವಳು ಜಾಹೀರಾತು ಕಂಪನಿಯ ಮೆಟ್ಟಿಲ ಮೇಲೆ ನಿಂತಿದ್ದಳು.

ಅಣ್ಣ ಸರ್ಜನ್. ಅವನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಹೊಸ ಲಾಂಡ್ರಿ ಕಟ್ಟಿದ್ದರು. ಅದಕ್ಕೆ ತೀರಿಹೋದ ಅಮ್ಮನ ಹೆಸರಿಡಿಸಲು ಅವನು ವರ್ಷವಿಡೀ ಓಡಾಡಿದ್ದ. ಅಮ್ಮ ಒಂದು ಕಾಲದಲ್ಲಿ ಅಲ್ಲಿಯೇ ಹಾಸಿಗೆ ಬಟ್ಟೆ ಒಗೆಯುತ್ತಿದ್ದವಳು. ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೆತ್ತಿಸಲು ಈಗ ಅವನಿಗೆ ನಾಲ್ಕು ಸಾಲು ಬೇಕಿತ್ತು.

“ಶಾಂತವಾಗಿರಲಿ. ತಾಳ್ಮೆ, ತ್ಯಾಗ, ಆ ಥರ.”

“ಅಣ್ಣ, ನಾವು ನಮ್ಮ ಅಮ್ಮನ ಬಗ್ಗೆನೇ ಮಾತಾಡ್ತಿದೀವಾ?”

ಅಮ್ಮ ಗಂಟಲೆತ್ತಿದರೆ ಆಚೆ ಬೀದಿಯ ನಾಯಿ ಎದ್ದು ಕೂರುತ್ತಿತ್ತು. ಬಾಯಿಜೋರಿನವಳು ಎಂದೇ ಊರಿಗೆಲ್ಲ ಗೊತ್ತು. ಆ ಬಾಯಿಂದಾಗಿಯೇ ಆಸ್ಪತ್ರೆಯವರು ಅವಳನ್ನು ಕೆಲಸದಿಂದ ತೆಗೆದಿದ್ದರು. ಆಮೇಲೆ ಅವರಿವರ ಮನೆಯ ಬಟ್ಟೆ ಒಗೆದೇ ಇಬ್ಬರನ್ನೂ ಓದಿಸಿದಳು.

“ಅದೆಲ್ಲ ಈಗ ಯಾರಿಗೆ ನೆನಪಿದೆ?” ಎಂದ ಅಣ್ಣ. “ಸುಮ್ಮನೆ ಬರಿ ಮಾರಾಯ್ತಿ.”

ಬರೆದಳು. ಮಧ್ಯಾಹ್ನದ ಬಿಡುವಿನಲ್ಲಿ, ಸೋಪಿನ ಹೊಸ ಪೊಟ್ಟಣವನ್ನು ಅತ್ತ ಸರಿಸಿ, ತಡವರಿಸದೆ ಬರೆದಳು. ‘ಎಂದೂ ದನಿಯೆತ್ತದೆ, ನಗುನಗುತ್ತ ದುಡಿದ ತಾಯಿ. ಇವರ ತಾಳ್ಮೆ ನಮಗೆಲ್ಲ ದಾರಿದೀಪ.’ ಬೆಣ್ಣೆಯ ಮೇಲೆ ಚಾಕು ಆಡಿದಂತೆ ಬಂತು.

ಹಿಂದೆ ಹೀಗಿರಲಿಲ್ಲ. ಎರಡು ಕಥಾಸಂಕಲನ ತಂದವಳು ಅವಳು. ಒಂದು ವಾಕ್ಯಕ್ಕಾಗಿ ವಾರಗಟ್ಟಲೆ ಒದ್ದಾಡಿದವಳು. ಮೂರನೆಯ ಪುಸ್ತಕ ಕೊಟ್ಟಾಗ ಪ್ರಕಾಶಕರು ಕನ್ನಡಕ ತೆಗೆದು, ಮಗಳಿಗೆ ಹೇಳುವಂತೆ ಹೇಳಿದ್ದರು: “ನಿಮ್ಮ ಕಥೆಯ ಹೆಂಗಸರಿಗೆ ಅದೆಷ್ಟು ಸಿಟ್ಟಮ್ಮ! ಓದೋರಿಗೆ ಸುಸ್ತಾಗುತ್ತೆ. ಸ್ವಲ್ಪ ಮೆತ್ತಗೆ ಮಾಡಿ.” ಅವಳು ಮೆತ್ತಗೆ ಮಾಡಲು ಕೂತಳು. ಒಬ್ಬಳ ಬೈಗುಳ ತೆಗೆದಳು, ಇನ್ನೊಬ್ಬಳ ಕಣ್ಣಲ್ಲಿ ನೀರು ತರಿಸಿದಳು, ಮತ್ತೊಬ್ಬಳ ಕೈಲಿ ಕ್ಷಮೆ ಕೇಳಿಸಿದಳು. ಕೊನೆಗೆ ಎಲ್ಲರೂ ಹಾಳೆಯ ಮೇಲೆ ಹೆಣದಂತೆ ಮಲಗಿದರು. ಅಂದಿನಿಂದ ಕಥೆಯ ಗೋಜಿಗೇ ಹೋಗಿರಲಿಲ್ಲ. ಯಾರಾದರೂ ಕೇಳಿದರೆ, “ಈಗ ಬರೀ ನೊರೆ ಬರೀತೀನಿ” ಎಂದು ನಗುತ್ತಿದ್ದಳು.

ಉದ್ಘಾಟನೆ ಬೆಳಿಗ್ಗೆ ಇತ್ತು. ಹೊಸ ಯಂತ್ರಗಳ ಮುಂದೆ ಕುರ್ಚಿ ಹಾಕಿದ್ದರು. ಲಾಂಡ್ರಿಯ ಹೆಂಗಸರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಅವರಿಗೆ ಕುರ್ಚಿ ಇರಲಿಲ್ಲ. ಆಸ್ಪತ್ರೆಯ ನಿರ್ದೇಶಕರು ಪರದೆ ಸರಿಸಿ, ಕಲ್ಲಿನ ಮೇಲಿದ್ದುದನ್ನು ಗಟ್ಟಿಯಾಗಿ ಓದಿದರು. ಚಪ್ಪಾಳೆ ಬಿತ್ತು. ಅಣ್ಣ ಕರವಸ್ತ್ರದಿಂದ ಕಣ್ಣೊರೆಸಿಕೊಂಡ. ಅವಳಿಗೂ ಒಂದು ಗಳಿಗೆ ಹಿತವೆನಿಸಿತು.

ಆದರೆ ನಿರ್ದೇಶಕರು ಮೈಕು ಬಿಡಲಿಲ್ಲ. ಹಿಂದೆ ನಿಂತವರ ಕಡೆ ಬೆರಳು ತೋರಿಸಿದರು.

“ನೀವೆಲ್ಲ ಇದನ್ನ ದಿನಾ ಓದ್ಕೊಂಡು ಕೆಲಸಕ್ಕೆ ಬರಬೇಕು. ಅದು ಬೇಕು, ಇದು ಬೇಕು ಅಂತ ಬೆಳಗಾದ್ರೆ ನನ್ನ ಬಾಗಿಲಲ್ಲಿ ಗಲಾಟೆ. ಈಗ ಗ್ಲೌಸು ಬೇಕಂತೆ! ಈ ತಾಯಿ ಒಂದು ದಿನವಾದ್ರೂ ಗ್ಲೌಸು ಕೇಳಿದ್ರಾ?”

ಅವಳು ಹಿಂತಿರುಗಿ ನೋಡಿದಳು. ಹೆಂಗಸರು ಕೈಗಳನ್ನು ಏಪ್ರನ್ನಿನೊಳಗೆ ಸೇರಿಸಿಕೊಂಡರು. ಒಬ್ಬಳು ಮಾತ್ರ ಹಾಗೇ ಬಿಟ್ಟಿದ್ದಳು. ಬ್ಲೀಚು ತಿಂದ ಬೆರಳುಗಳು. ಗೆಣ್ಣುಗಳ ಮೇಲೆ ಚರ್ಮವೇ ಇಲ್ಲ.

“ಕೇಳಿದ್ದಳು,” ಎಂಬ ಮಾತು ಕೇಳಿಸಿತು. ಆ ದನಿ ತನ್ನದೇ, ತಾನು ಎದ್ದು ನಿಂತಿದ್ದೇನೆ ಎಂಬುದು ಅವಳಿಗೇ ಆಮೇಲೆ ತಿಳಿಯಿತು.

“ಏನಮ್ಮ?”

“ನಮ್ಮಮ್ಮ ಗ್ಲೌಸು ಕೇಳಿದ್ದಳು. ಕೇಳಿದ್ದಕ್ಕೇ ಇದೇ ಆಸ್ಪತ್ರೆ ಅವಳನ್ನ ಆಚೆ ಹಾಕಿತು. ಆ ಕಲ್ಲಿನ ಮೇಲಿರೋದು ಹಸೀ ಸುಳ್ಳು. ಬರೆದವಳು ನಾನೇ. ನನ್ನ ಸುಳ್ಳಲ್ಲಿ ಇವರಿಗೆ ಹೊಡೀಬೇಡಿ!”

ಮೈಕಿಲ್ಲದೆಯೂ ಅದು ಕೋಣೆಯ ಮೂಲೆಮೂಲೆಗೂ ತಾಗಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಣ್ಣ ಅವಳ ರಟ್ಟೆ ಹಿಡಿದು ಹೊರಗೆ, ಕಾರುಗಳ ನಡುವೆ ಎಳೆದೊಯ್ದ.

“ಸತ್ತ ಮೇಲಾದ್ರೂ ಅವಳಿಗೆ ಮರ್ಯಾದೆ ಸಿಗಲಿ ಅಂತ ಒದ್ದಾಡಿದ್ನಲ್ಲೇ! ಎಲ್ಲಾ ಮಣ್ಣುಪಾಲು ಮಾಡಿದೆ.”

“ಮರ್ಯಾದೆ ಅವಳಿಗೋ ನಿನಗೋ?”

“ನಿನಗೇನು ಗೊತ್ತು? ನೀನಿನ್ನೂ ತೊಟ್ಟಿಲಲ್ಲಿದ್ದೆ. ಬಾಯಿಜೋರಿನವಳ ಮಗ ಅಂತ ಶಾಲೇಲಿ ಅನ್ನಿಸಿಕೊಂಡೋನು ನಾನು. ನನ್ನ ಮುಖ ನೋಡಬೇಡ ಇನ್ನು!”

“ನೋಡಲ್ಲ, ಹೋಗು!”

ಬಸ್ಸಿನಲ್ಲಿ ಅವಳಿಗೆ ನಿರ್ದೇಶಕರ ಮೇಲೆ ಸಿಟ್ಟು, ಅಣ್ಣನ ಮೇಲೆ ಸಿಟ್ಟು, ಕನ್ನಡಕ ತೆಗೆದು ಬುದ್ಧಿ ಹೇಳಿದ ಪ್ರಕಾಶಕರ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಆ ಸಾಲುಗಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳ ಮೈ ಉರಿಯಿತು. ಮನೆಗೆ ಬಂದವಳೇ ಅಡುಗೆಮನೆಯ ಮೇಜಿನ ಮೇಲಿದ್ದ ಪಾತ್ರೆಗಳನ್ನು ತೋಳಿನಿಂದ ಬದಿಗೆ ತಳ್ಳಿ ಕೂತಳು. ಮೊದಲ ವಾಕ್ಯ ಸೊಟ್ಟಗೆ ಬಂತು. ಹೊಡೆದು ಹಾಕಿದಳು. ಎರಡನೆಯದೂ ಸೊಟ್ಟಗೆ ಬಂತು, ಆದರೆ ಅದಕ್ಕೆ ಹಲ್ಲಿತ್ತು. ಇರಲಿ ಎಂದು ಬಿಟ್ಟಳು. ಆಮೇಲೆ ಹಾಳೆಯ ಮೇಲಿನ ಹೆಂಗಸು ಬಾಯಿ ತೆರೆದಳು, ಮುಚ್ಚಲೇ ಇಲ್ಲ.

ಕೆಲಸದಿಂದ ಬಂದ ಗಂಡ ಬಾಗಿಲಲ್ಲೇ ನಿಂತ. “ಯಾರ ಜೊತೆ ಜಗಳ?”

“ಎಲ್ಲರ ಜೊತೆ. ಮಾತಾಡಿದ್ರೆ ನಿಮ್ಮ ಜೊತೆಗೂ.”

ಅವನು ಸದ್ದಿಲ್ಲದೆ ಬ್ರೆಡ್ಡಿನ ಪೊಟ್ಟಣ ಎತ್ತಿಕೊಂಡು ಆಚೆ ಕೋಣೆಗೆ ಹೋದ. ಅವನ ಮುಖದಲ್ಲಿ ಸಣ್ಣಗೆ ನಗುವಿತ್ತು.

ಕತ್ತಲಾಗುವ ಹೊತ್ತಿಗೆ ಬಾಗಿಲು ಧಡಾರನೆ ತೆರೆಯಿತು. ಅಣ್ಣ. ಬೈಯಲೆಂದೇ ಬಂದಿದ್ದ, ಮುಖ ಕೆಂಡವಾಗಿತ್ತು. ಅವಳು ತಲೆ ಎತ್ತಲಿಲ್ಲ. ಅವನು ಮೇಜಿನ ತುದಿಯ ಹಾಳೆಯೊಂದನ್ನು ಕಿತ್ತುಕೊಂಡಂತೆ ಎತ್ತಿಕೊಂಡು, ನಿಂತೇ ಓದಿದ.

“ಇದು ತಪ್ಪು,” ಎಂದ.

“ಯಾವುದು?”

“ಅಮ್ಮ ಆಸ್ಪತ್ರೆ ಸೂಪರಿಂಟೆಂಡೆಂಟ್ ಬಾಗಿಲಲ್ಲಿ ನಿಂತು ಕೂಗಲಿಲ್ಲ. ನೆಟ್ಟಗೆ ಒಳಗೆ ನುಗ್ಗಿದಳು. ಒದ್ದೆ ಬೆಡ್‌ಶೀಟುಗಳನ್ನ ಹೊತ್ತು ತಂದು ಅವನ ಮೇಜಿನ ಮೇಲೆ ಸುರಿದಳು. ಅವನ ಕಾಗದ ಎಲ್ಲ ತೊಯ್ದು ತೊಪ್ಪೆ ಆಯ್ತು. ಆಮೇಲೆ ಎರಡೂ ಕೈ ಅವನ ಮೂಗಿನ ಹತ್ತಿರ ಹಿಡಿದಳು, ನೋಡು ಅಂತ.”

“ನಿನಗೆ ಯಾರು ಹೇಳಿದ್ದು?”

“ಯಾರು ಹೇಳಬೇಕು? ಅವಳ ಹಿಂದೇ ಇದ್ದೆನಲ್ಲ ನಾನು.” ಅವನ ದನಿಯಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ. “ಬರಿಯೋದಾದ್ರೆ ಸರಿಯಾಗಿ ಬರಿ.”

ಅವಳು ಹೊಸ ಹಾಳೆ ಎಳೆದುಕೊಂಡಳು.

“ಏನಂತ ಕೂಗಿದಳು?”

ಅಣ್ಣ ಬಾಗಿಲ ಕಡೆ ನೋಡಿದ. ಕೈಯಲ್ಲಿದ್ದ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟ. ಆಮೇಲೆ ಕುರ್ಚಿ ಎಳೆದು ಕೂತು, ಬಗ್ಗಿ, ಬೂಟಿನ ಲೇಸು ಬಿಚ್ಚತೊಡಗಿದ.