ಏಳನೇ ಜಾಗದ ಕೆಸರು

ಸಾವಿನ ಮನೆಯಲ್ಲಿ ಕುರ್ಚಿ ಜೋಡಿಸುತ್ತಿದ್ದವರ ನಡುವೆಯೇ ದೋಣಿಯಣ್ಣನ ಮಗಳು ಲ್ಯಾಬಿನ ಮೇಡಮ್ಮನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಬಂದು ಬಾಗಿಲು ಮುಂದೆ ಮಾಡಿದಳು.

“ಮೇಡಂ, ಏಳನೇ ಜಾಗ ಅಂದ್ರೇನು? ಅಪ್ಪ ಆಸ್ಪತ್ರೇಲಿ ಮೂರು ದಿನ ಅದನ್ನೇ ಬಡಬಡಿಸ್ತಿದ್ರು. ‘ಏಳನೇ ಜಾಗಕ್ಕೆ ಹೋಗಬೇಕಿತ್ತು, ಹೋಗಲಿಲ್ಲ’ ಅಂತ. ನಮ್ಮ ಯಾರ ಹೆಸರೂ ಹಿಡೀಲಿಲ್ಲ.”

ವರ್ಷಕ್ಕೆರಡು ಸಲ ಕೆರೆಯ ನಂಬರು ಹಾಕಿದ ಹತ್ತು ಜಾಗದಿಂದ ತಳದ ಮಣ್ಣು ತೆಗೆಸಿ, ಅದರಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷದ ಲೋಹ ಎಷ್ಟಿದೆಯೆಂದು ನೋಡುವುದು ಮೇಡಮ್ಮನ ಕೆಲಸ. ಇಪ್ಪತ್ತು ವರ್ಷ ದೋಣಿ ನಡೆಸಿ ಆ ಮಣ್ಣನ್ನು ಎತ್ತಿಕೊಟ್ಟಾತ ಈಗ ನಡುಮನೆಯಲ್ಲಿ ಇಸ್ತ್ರಿ ಮಾಡಿದ ಆಫೀಸಿನ ಶರ್ಟು ತೊಟ್ಟು ಮಲಗಿದ್ದ.

“ಆಮೇಲೆ ಹೇಳ್ತೀನಮ್ಮಾ. ಮೊದಲು ಎಲ್ಲ ಮುಗೀಲಿ.”

“ಆಮೇಲೆ ನೀವು ಕೈಗೆ ಸಿಗಲ್ಲ.”

ಹೊರಗೆ ಪಕ್ಕದ ಮನೆಯ ಮೀನುಗಾರನ ಗಂಟಲು ಕೇಳುತ್ತಿತ್ತು. ಓಣಿಗೆಲ್ಲ ಆತ ಬಲೆಮಾವ.

“ದೋಣಿಯಣ್ಣ ಮಣ್ಣು ತೆಗೆದುಕೊಟ್ಟ, ಆಫೀಸಿನವರು ಸರಿ ಇದೆ ಅಂದ್ರು, ಆಮೇಲೇ ನಾವು ಬಲೆ ಬೀಸಿದ್ದು. ನನ್ನ ಮೊಮ್ಮಕ್ಕಳು ಈ ಕೆರೆ ಮೀನಲ್ಲೇ ಬೆಳೆದಿರೋದು! ಇವನು ಮಾತ್ರ ಒಂದು ತುಂಡೂ ಮುಟ್ಟಲಿಲ್ಲ, ಪುಣ್ಯಾತ್ಮ. ಕೊಟ್ಟಾಗೆಲ್ಲ ಹೊಟ್ಟೆನೋವು ಅಂತಿದ್ದ.”

ಯಾರೋ ಮೆಲ್ಲಗೆ ನಕ್ಕರು. ಮಗಳು ಮಾತ್ರ ಮೇಡಮ್ಮನನ್ನೇ ನೋಡುತ್ತಿದ್ದಳು.

*

ಹದಿನೆಂಟು ವರ್ಷದ ಹಿಂದಿನ ಮಾತು. ಲೋಹಕ್ಕೆ ಹೊಳಪು ಕೊಡುವ ಕಾರ್ಖಾನೆಗಳ ಮೋರಿ ಕೆರೆಗೆ ಬೀಳುವಲ್ಲಿ ಏಳನೇ ಜಾಗ. ಅಲ್ಲಿ ತಳದ ತುಂಬ ಕಲ್ಲು, ತಗಡಿನ ಚೂರು. ಮಣ್ಣು ಕಚ್ಚಿ ತರುವ ಕಬ್ಬಿಣದ ದವಡೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ, ಕಲ್ಲು ಸಿಕ್ಕಿಕೊಂಡು ಬಾಯಿ ಮುಚ್ಚುತ್ತಿರಲಿಲ್ಲ. ಮೇಲೆ ಬರುವಷ್ಟರಲ್ಲಿ ಮಣ್ಣೆಲ್ಲ ತೊಳೆದುಹೋಗುತ್ತಿತ್ತು. ಆತ ಒಂಬತ್ತು ಸಲ ಎಳೆದ. ಮೇಡಮ್ಮನಿಗೋ, ಮಗನನ್ನು ಶಾಲೆಯಿಂದ ಕರೆತರುವ ಹೊತ್ತು ಮೀರುತ್ತಿತ್ತು.

“ಅಯ್ಯೋ, ಎಲ್ಲಾದರೂ ಒಂದು ಕಡೆ ತೆಗೆದುಬಿಡಿ ಅಣ್ಣಾ! ಪಕ್ಕದಲ್ಲಾದರೇನು, ಕೆರೆ ಒಂದೇ ತಾನೇ?”

ಓದಿದವಳು, ತಿಳಿದೇ ಹೇಳುತ್ತಾಳೆ ಅಂದುಕೊಂಡನೋ ಏನೋ, ಆತ ಹುಟ್ಟು ಹಾಕಿ ಅರವತ್ತು ಮಾರು ಆಚೆ ಹೋದ. ಅಲ್ಲಿ ಮೊದಲ ಸಲಕ್ಕೇ ಬೆಣ್ಣೆಯಂಥ ಮಣ್ಣು ಬಂತು. ಆಕೆ ಬಾಟಲಿಯ ಮೇಲೆ ಏಳು ಎಂದು ಬರೆದಳು. ಮುಂದಿನ ಸಲ ಆತ ಕೇಳದೆಯೇ ಅಲ್ಲಿಗೆ ಹೋದ, ಆಕೆಯೂ ಬಾಯಿ ಬಿಡಲಿಲ್ಲ. ಅದೇ ರೂಢಿಯಾಯಿತು. ಅಪಾಯವಿಲ್ಲ ಎಂಬ ವರದಿ ಪ್ರತಿ ವರ್ಷ ಹೋಯಿತು. ಛೆ, ಒಂದೇ ಒಂದು ಸಲ ‘ಬೇಡ ಅಣ್ಣಾ, ಆ ಜಾಗಕ್ಕೇ ಹೋಗೋಣ’ ಅನ್ನಬಹುದಿತ್ತು!

*

ಅಪ್ಪನನ್ನು ಮಣ್ಣು ಮಾಡಿ ಬಂದವಳೇ ಮಗಳು ಉಟ್ಟ ಬಟ್ಟೆಯಲ್ಲೇ ಮೇಡಮ್ಮನನ್ನು ಹತ್ತಿಸಿಕೊಂಡು ದೋಣಿ ಬಿಚ್ಚಿದಳು. ಮೇಡಂ ಒಂದನ್ನೂ ಮುಚ್ಚಿಡದೆ ಹೇಳಿದಳು. ಮಗಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಅಲ್ಲಿಯ ಕೆಸರಿನ ವಾಸನೆ ಎರಡು ದಿನ ಕೈಯಿಂದ ಹೋಗಲಿಲ್ಲ ಅಂತ ಅಪ್ಪ ಒಂದ್ಸಲ ಅಂದಿದ್ರು. ಗೊತ್ತಿದ್ದೇ ನಮಗೆ ಈ ಕೆರೆ ಮೀನು ತಿನ್ನೋದು ಬಿಡಿಸಿದ್ದಾರೆ. ಪಕ್ಕದ ಮನೆಗೆ ಹೇಳೋಕೆ ಬಾಯಿ ಬರಲಿಲ್ಲ ನೋಡಿ.”

“ನಾನು ಹೇಳಬೇಕಿತ್ತು. ತಪ್ಪು ನಂದು ಕಣಮ್ಮಾ.”

“ನಿಮ್ಮದೂ ಹೌದು, ಅವರದೂ ಹೌದು,” ಅಂದಳು ಮಗಳು.

ಏಳನೇ ಜಾಗದಲ್ಲಿ ಇಬ್ಬರೂ ಸರದಿಯ ಮೇಲೆ ದವಡೆಯ ಹಗ್ಗ ಎಳೆದರು. ಹನ್ನೆರಡು ಸಲ ಕಲ್ಲೇ. ಹದಿಮೂರನೆಯ ಸಲ ಕಪ್ಪು ಕೆಸರು ಬಂತು. ಮೇಡಂ ಅದನ್ನು ಬಾಟಲಿಗೆ ತುಂಬಿಕೊಂಡಳು.

ದಡದಲ್ಲಿ ಬಲೆಮಾವ ಮೊಣಕಾಲುದ್ದ ನೀರಿಗಿಳಿದು ದೋಣಿಯ ಮೂತಿ ಹಿಡಿದುಕೊಂಡ. ಅತ್ತು ಅತ್ತು ಆತನ ಕಣ್ಣು ಊದಿದ್ದವು.

“ಇವತ್ತೂ ಮಣ್ಣು ತೆಗೆದ್ರಾ? ಅಣ್ಣನ ಹೆಸರಲ್ಲಿ? ಒಳ್ಳೇದು ಮಾಡಿದ್ರಿ ತಾಯಿ. ಇಳೀರಿ, ನಿಧಾನ,” ಎಂದು ಇನ್ನೊಂದು ಕೈ ಚಾಚಿದ.

ಮೇಡಂ ಆ ಕೈ ಹಿಡಿಯಲಿಲ್ಲ. ಬಾಟಲಿಯ ಮುಚ್ಚಳ ತೆಗೆದು ಆತನ ಮುಂದೆ ಹಿಡಿದಳು.

“ಮಾವ, ಏಳನೇ ಜಾಗದ್ದು, ಕಾರ್ಖಾನೆ ಮೋರಿ ಬೀಳೋ ಕಡೇದು. ಹದಿನೆಂಟು ವರ್ಷ ನಾವು ಅಲ್ಲಿ ತೆಗೆದೇ ಇಲ್ಲ. ಮಕ್ಕಳಿಗೆ ಮೀನು ಕೊಡಬೇಡಿ.”

ಬಲೆಮಾವ ಮೂಸಿದ. ಆಕೆಯನ್ನು ನೋಡಿದ, ಮಗಳನ್ನು ನೋಡಿದ, ತನ್ನ ಮನೆಯ ಕಡೆ ತಿರುಗಿದ. ಮೂತಿ ಹಿಡಿದ ಕೈ ಸಡಿಲಾಗಿ, ದೋಣಿ ಇಬ್ಬರನ್ನೂ ಹೊತ್ತುಕೊಂಡು ಮೆಲ್ಲಗೆ ಹಿಂದಕ್ಕೆ, ನೀರಿಗೆ ಸರಿಯಿತು.