ಎಡದಿಂದ ಮೂರನೆಯವನು

“ಎಡದಿಂದ ಮೂರನೆಯವರು, ಬೇಸ್ ಗಿಟಾರ್, ನಮ್ಮಪ್ಪ,” ಎಂದು ಟೈಪ್ ಮಾಡುತ್ತಲೇ ಓದಿಕೊಂಡ ಮಗಳು ತಲೆಯೆತ್ತಿ ನಕ್ಕಳು. “ಗೋಡೆ ಮೇಲೆ ನಮ್ಮಪ್ಪ ಅಂತ ಹಾಕಿದ್ರೆ ಚೆನ್ನಾಗಿರಲ್ಲ, ಅಲ್ವಾ?”

“ಮೇಷ್ಟ್ರು ಅಂತ ಹಾಕಮ್ಮ. ಊರಿಗೆಲ್ಲ ಅದೇ ಹೆಸರು,” ಎಂದ ರಿಪೇರಿ.

ವಾದ್ಯ ರಿಪೇರಿ ಮಾಡುವ ಅಂಗಡಿಯ ಮೇಲಿನ ಕೋಣೆ ಅದು. ಅಂಗಡಿಯವನಿಗೆ ರಿಪೇರಿ ಎಂಬ ಕಸುಬೇ ಹೆಸರಾಗಿ ಎಷ್ಟೋ ಕಾಲವಾಗಿತ್ತು. ಮೆಟ್ಟಿಲ ಪಕ್ಕದ ಬೋಳು ಗೋಡೆಯ ತುಂಬ ಊರಿನ ಹಳೆಯ ಬ್ಯಾಂಡುಗಳ ಫೋಟೋ ಹಾಕಬೇಕೆಂಬುದು ಅವನ ಆಸೆ. ಮೂರು ವಾರದಿಂದ ಹಳೆಯ ವಾದ್ಯಗಾರರೆಲ್ಲ ಮೊಬೈಲಿನಲ್ಲಿ ಫೋಟೋ ಕಳಿಸಿಕೊಂಡು, ಯಾರ ತಲೆಯಲ್ಲಿ ಎಷ್ಟು ಕೂದಲಿತ್ತು, ಯಾರ ಪ್ಯಾಂಟು ಎಷ್ಟು ಅಗಲವಿತ್ತು ಎಂದು ಒಬ್ಬರ ಕಾಲನ್ನು ಒಬ್ಬರು ಎಳೆದಿದ್ದರು. ಈ ಭಾನುವಾರ ಮಧ್ಯಾಹ್ನ ಮೂಲ ಪ್ರತಿಗಳನ್ನೇ ಹಿಡಿದು ಬಂದಿದ್ದರು. ಅಂಟು, ವಾರ್ನಿಶ್ಶುಗಳ ವಾಸನೆಯ ನಡುವೆ ಎಂಟು ಹತ್ತು ಜನ ಸ್ಟೂಲು, ಪೆಟ್ಟಿಗೆ, ಸಿಕ್ಕಿದ್ದರ ಮೇಲೆ ಕೂತಿದ್ದರು. ಮೇಷ್ಟ್ರ ಮಗಳು ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದಳು. ಅವಳೇ ಒಂದೊಂದೇ ಫೋಟೋವನ್ನು ಸ್ಕ್ಯಾನರಿಗಿಟ್ಟು, ಅದರ ಕೆಳಗೆ ಬರೆಯಬೇಕಾದ ಸಾಲನ್ನು ಕೇಳಿ ಕೇಳಿ ಟೈಪ್ ಮಾಡುತ್ತಿದ್ದಳು.

“ಇದು ನಾನು,” ಎಂದು ಡುಮ್ಮಣ್ಣ ಒಂದು ಫೋಟೋ ತೋರಿಸಿದ. ಅದರಲ್ಲಿ ಒಂದು ತಾಳದ ತಟ್ಟೆ, ಅದರ ಹಿಂದೆ ಒಂದು ಮೊಣಕೈ ಮಾತ್ರ ಕಾಣುತ್ತಿತ್ತು. “ಹದಿನಾಲ್ಕು ವರ್ಷ ಡ್ರಮ್ಸ್ ಬಾರಿಸಿದೀನಿ, ಒಂದು ಫೋಟೋದಲ್ಲೂ ಮುಖ ಇಲ್ಲ. ನಮ್ಮನೆಯವಳು ಈ ಮೊಣಕೈ ನೋಡೇ ಒಪ್ಕೊಂಡಿದ್ದು.”

“ಮುಖ ಕಂಡಿದ್ರೆ ಒಪ್ತಿರ್ಲಿಲ್ಲ ಬಿಡು,” ಎಂದಳು ಗಾಯಕಿ. ಒಂದು ಕಾಲಕ್ಕೆ ಹೋಟೆಲುಗಳಲ್ಲಿ ಹಾಡುತ್ತಿದ್ದ ಅವಳು ಈಗ ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದಳು.

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ನಗುತ್ತಲೇ ಸ್ಕ್ಯಾನರಿನ ಗಾಜಿನ ಮೇಲಿದ್ದ ತಮ್ಮ ಫೋಟೋದ ಕಡೆ ನೋಡಿದರು. ಇವತ್ತು ಅದನ್ನು ತರಬಾರದಿತ್ತು. ಆದರೆ ಎಲ್ಲರೂ ತರುವಾಗ ತಾವೊಬ್ಬರೇ ತರದಿದ್ದರೆ ಯಾಕೆಂದು ಕೇಳುತ್ತಿದ್ದರು.

ಫೋಟೋದಲ್ಲಿ ಇಪ್ಪತ್ತೊಂದು ವರ್ಷದ ಮೇಷ್ಟ್ರು ಹೆಗಲಿಗೆ ಬೇಸ್ ಗಿಟಾರ್ ಹಾಕಿಕೊಂಡು ವೇದಿಕೆಯ ಮೇಲೆ ನಿಂತಿದ್ದರು. ನಿಂತಿದ್ದದ್ದು ಸುಳ್ಳಲ್ಲ. ಆದರೆ ಆಗ ಸಂಜೆ ನಾಲ್ಕು ಗಂಟೆ, ಎದುರಿನ ಕುರ್ಚಿಗಳು ಖಾಲಿ. ಅವರು ಧ್ವನಿವರ್ಧಕದವನ ಕೈಕೆಳಗೆ ವೈರು ಎಳೆಯುವ ಕೆಲಸದಲ್ಲಿದ್ದರು. ಬ್ಯಾಂಡಿನ ಉಳಿದ ನಾಲ್ವರು ವೇದಿಕೆಯ ಮೇಲಿದ್ದರು, ಬೇಸ್ ವಾದಕ ಮಾತ್ರ ಇನ್ನೂ ಬಂದಿರಲಿಲ್ಲ. ಅವನ ಗಿಟಾರು ಬಂದಿತ್ತು. ಲೈನು ಸರಿಯಿದೆಯೇ ನೋಡಲು ಯಾರಾದರೂ ತಂತಿ ಮೀಟಬೇಕಿತ್ತು, ಇವರು ಮೀಟಿದರು. ಯಾರೋ ಕ್ಯಾಮೆರಾ ಕ್ಲಿಕ್ಕಿಸಿದರು. ಆ ವಾದಕನನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು, ಅಷ್ಟು ಸಪೂರ. ಆ ಬ್ಯಾಂಡಿನ ಜೊತೆ ಎರಡು ವರ್ಷ ಊರೂರು ಸುತ್ತಿದ ಮೇಷ್ಟ್ರು ಅಲ್ಲಿ ನುಡಿಸಿದ್ದು ಆ ಒಂದು ಸಂಜೆಯ ನಾಲ್ಕೇ ಮೀಟು.

ಮುಂದೆ ಅವರು ಕಷ್ಟಪಟ್ಟು ಗಿಟಾರ್ ಕಲಿತರು, ಬೇರೆ ಬೇರೆ ತಂಡಗಳಲ್ಲಿ ನುಡಿಸಿದರು, ತರಗತಿ ತೆರೆದರು. ಸುಳ್ಳಿನ ಅಗತ್ಯವೇ ಇರಲಿಲ್ಲ. ತರಗತಿಯ ಗೋಡೆಯಲ್ಲಿದ್ದ ಫೋಟೋ ನೋಡಿ ಮೊದಲ ಶಿಷ್ಯನ ತಾಯಿ, “ಇದು ನೀವೇ ಅಲ್ವಾ? ಆ ಬ್ಯಾಂಡಲ್ಲಿ ಇದ್ರಾ?” ಎಂದು ಕಣ್ಣರಳಿಸಿದಾಗ ಅವರು “ಹೌದು” ಎಂದಿದ್ದರು, ಅಷ್ಟೆ. ಆ ಹೌದಿಗೆ ಆಮೇಲೆ ಕೈಕಾಲು ಮೂಡಿದವು. ಬ್ಯಾಂಡಿನವರು ದೇಶ ಬಿಟ್ಟರು, ಇಬ್ಬರು ತೀರಿಕೊಂಡರು, ಅಲ್ಲ ಎನ್ನುವವರು ಯಾರೂ ಉಳಿಯಲಿಲ್ಲ. ಕಡ್ಡಿ ಇಪ್ಪತ್ತಾರನೆಯ ವಯಸ್ಸಿಗೇ ಕಾಮಾಲೆಯಾಗಿ ಹೋಗಿದ್ದ. ಅವನ ಕಥೆಗಳು ಒಂದೊಂದಾಗಿ ಇವರವಾದವು.

ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾಯಿತು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಎಕ್ಸ್‌ರೇ ಇಡುವ ದೊಡ್ಡ ಕವರೊಂದನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಳು.

“ಬನ್ನಿ ಬನ್ನಿ,” ಎಂದು ರಿಪೇರಿ ಎದ್ದು ಸ್ಟೂಲು ಕೊಟ್ಟ. “ಇವರು ಕನ್ನಡಕದ ಅಂಗಡೀಲಿರೋರು. ನನ್ನ ಕಣ್ಣು ನೋಡ್ತಾ ನೋಡ್ತಾ ಮಾತು ಬಂತು. ಇವರಣ್ಣಾನೂ ಬ್ಯಾಂಡಲ್ಲಿದ್ರಂತೆ. ಯಾವುದು ಅಂದ್ರೆ, ಮೇಷ್ಟ್ರೇ, ನಿಮ್ಮದೇ. ಅದಕ್ಕೇ ಬರಲೇಬೇಕು ಅಂದೆ.”

ಮೇಷ್ಟ್ರಿಗೆ ಕೈಯಲ್ಲಿದ್ದ ಟೀ ಲೋಟ ಎಲ್ಲಿಡಬೇಕೆಂದು ತೋಚಲಿಲ್ಲ.

“ಅಣ್ಣ ಹೋದಾಗ ನಂಗೆ ಒಂಬತ್ತು,” ಎಂದಳು ಅವಳು, ಎಲ್ಲರಿಗೂ ಹೇಳುವಂತೆ. “ಅವನು ವೇದಿಕೆ ಮೇಲೆ ನುಡಿಸಿದ್ದು ನಾನು ಕೇಳೇ ಇಲ್ಲ. ಅಪ್ಪ ಕಳಿಸ್ತಿರ್ಲಿಲ್ಲ. ಮನೇಲಿ ವೈರ್ ಹಾಕ್ದೆ ನುಡಿಸ್ತಿದ್ದ, ಅದು ಕೇಳಿಸೋದೇ ಇಲ್ವಲ್ಲ. ಗಿಟಾರಿನ ಮರಕ್ಕೆ ಕಿವಿ ಇಟ್ಕೊಂಡು ಕೂತಿರ್ತಿದ್ದೆ. ಈಗ ಅವನ ಜೊತೆಗಿದ್ದವರು ಯಾರಾದ್ರೂ ಸಿಕ್ಕಿದ್ರೆ, ಹೇಗಿತ್ತು ಅಂತ ಕೇಳೋಣ ಅನ್ನಿಸ್ತು.”

“ಯಾವ ವಾದ್ಯ ನಿಮ್ಮಣ್ಣಂದು?” ಎಂದಳು ಮಗಳು.

“ಬೇಸು.”

ಮಗಳು ಗೊಂದಲದಿಂದ ತಂದೆಯ ಕಡೆ ನೋಡಿದಳು. ಅವರು ಲೋಟದ ಅಂಚನ್ನು ಒರೆಸುತ್ತಿದ್ದರು. ರಿಪೇರಿಯೇ ಮಾತು ಸೇರಿಸಿದ. “ಒಂದೊಂದು ಬ್ಯಾಂಡಲ್ಲಿ ಇಬ್ಬಿಬ್ರು ಇರ್ತಿದ್ರು. ಒಬ್ಬ ಇಲ್ದೇ ಇದ್ರೆ ಇನ್ನೊಬ್ಬ.”

“ಹಾಗಾದ್ರೆ ಅಪ್ಪನಿಗೆ ಗೊತ್ತೇ ಇರುತ್ತೆ,” ಎಂದು ಮಗಳು ಸಮಾಧಾನದಿಂದ ಸ್ಟೂಲನ್ನು ಎಳೆದುಕೊಂಡಳು. “ನಿಮಗೊಂದು ಹೇಳ್ತೀನಿ ಕೇಳಿ. ಒಂದ್ಸಲ ಹಾಡಿನ ಮಧ್ಯೆ ಅಪ್ಪನ ಗಿಟಾರಿನ ದಪ್ಪ ತಂತಿ ಪಟ್ ಅಂತ ಕಿತ್ತು ಬೆರಳು ಕೊಯ್ದುಬಿಡ್ತಂತೆ. ಅಪ್ಪ ನಿಲ್ಲಿಸ್ಲಿಲ್ಲ. ಉಳಿದ ಮೂರು ತಂತೀಲೇ ಇಡೀ ಕಾರ್ಯಕ್ರಮ ಮುಗಿಸಿದ್ರು. ಕೊನೇಲಿ ನೋಡಿದ್ರೆ ಬಿಳಿ ಷರ್ಟಿನ ಮೇಲೆಲ್ಲ ರಕ್ತ. ನಾನು ಗಿಟಾರ್ ಹಿಡಿದಿದ್ದೇ ಆ ಕಥೆ ಕೇಳಿ.”

ಹೆಂಗಸು ಕವರಿನ ದಾರ ಬಿಚ್ಚುತ್ತಿದ್ದವಳು ನಿಲ್ಲಿಸಿದಳು.

“ಅದು ನಮ್ಮಣ್ಣ,” ಎಂದಳು. ದನಿಯಲ್ಲಿ ಜಗಳವಿರಲಿಲ್ಲ, ಬರೀ ಆಶ್ಚರ್ಯವಿತ್ತು. “ಬಿಳಿ ಷರ್ಟು ಅಮ್ಮ ನೆನೆಸಿಟ್ಟಿದ್ಲು. ಬೆರಳಿಗೆ ಬಟ್ಟೆ ಸುತ್ಕೊಂಡು ಬಂದು ನಂಗೆ ತೋರಿಸಿದ್ದ.”

ಡುಮ್ಮಣ್ಣ ಗಂಟಲು ಸರಿಮಾಡಿಕೊಂಡ. “ತಂತಿ ಎಲ್ಲರಿಗೂ ಕಿತ್ತುಹೋಗ್ತವಮ್ಮ. ಬೆರಳು ಎಲ್ಲರದೂ ಕುಯ್ದಿದೆ.”

“ಇರಬಹುದು,” ಎಂದಳು ಅವಳು ತಡವರಿಸುತ್ತ. ಎಲ್ಲರ ಮುಖ ನೋಡಿ, ಕೊನೆಗೆ ಮೇಷ್ಟ್ರ ಮುಖ ನೋಡಿದಳು. “ನಾನಾಗ ಚಿಕ್ಕವಳು. ಯಾರೋ ಹೇಳಿದ್ದನ್ನ ಅವನದೇ ಅಂದ್ಕೊಂಡಿರಬಹುದು. ತಪ್ಪು ತಿಳ್ಕೋಬೇಡಿ ಸಾರ್.”

ಆಗ ಹೇಳಬಹುದಿತ್ತು. ಮೇಷ್ಟ್ರು ಬಾಯಿ ತೆರೆದರು. ಬಂದದ್ದು, “ಪರವಾಗಿಲ್ಲ, ಪರವಾಗಿಲ್ಲ” ಎಂಬ ಮಾತು. ಕ್ಷಮಿಸಿದವರ ದನಿಯಲ್ಲಿ ಬಂತು.

ಅವಳು ಒಂದು ಫೋಟೋ ಹೊರತೆಗೆದಳು, ಅದು ಕೈಯಿಂದ ಕೈಗೆ ಹೋಯಿತು. ತುಂಬಿದ ಸಭೆಯ ಎದುರು ಐದು ಜನ. ನಡುವೆ ಸಪೂರ ಹುಡುಗನೊಬ್ಬ ಕಣ್ಣು ಮುಚ್ಚಿ ಬೇಸ್ ನುಡಿಸುತ್ತಿದ್ದ. ವೇದಿಕೆಯ ಅಂಚಿನಲ್ಲಿ ಯಾರೋ ಒಬ್ಬ ಕುಕ್ಕರಗಾಲಲ್ಲಿ ಕೂತು ವೈರು ಸುತ್ತುತ್ತಿದ್ದ, ಮುಖ ಕೆಳಗೆ. ಚೌಕುಳಿ ಷರ್ಟಿನ ಬೆನ್ನು ಹೆಗಲ ಹತ್ತಿರ ಹೊಲಿಗೆ ಬಿಟ್ಟಿತ್ತು. ಯಾರೂ ಅವನನ್ನು ನೋಡಲಿಲ್ಲ. ಆ ಹೊಲಿಗೆಯನ್ನು ಮಾರನೆಯ ದಿನ ತಾವೇ ಹಾಕಿಕೊಂಡದ್ದು ಮೇಷ್ಟ್ರಿಗೆ ನೆನಪಿತ್ತು.

“ಒಳ್ಳೇ ಫೋಟೋ,” ಎಂದು ಅದನ್ನು ಮುಂದೆ ದಾಟಿಸಿದರು.

ಅವಳು ಹೆಚ್ಚು ಹೊತ್ತು ಕೂರಲಿಲ್ಲ. ಬಂದವರ ಮಾತು ಬೇರೆ ಬ್ಯಾಂಡುಗಳ ಕಡೆ ಹೊರಳಿತ್ತು. ಅವಳು ಏನನ್ನೋ ಕೇಳಲು ಎರಡು ಸಲ ಮೇಷ್ಟ್ರ ಕಡೆ ತಿರುಗಿದಳು, ಎರಡು ಸಲವೂ ಅವರು ಟೀ ಕೇಳುವ ನೆವದಲ್ಲಿ ಎದ್ದರು. ಫೋಟೋವನ್ನು ಕವರಿಗೆ ಸೇರಿಸಿ, ಅಂಗಡಿಗೆ ಹೋಗಬೇಕೆಂದು ಹೇಳಿ ಅವಳು ಇಳಿದು ಹೋದಳು. ಭಾನುವಾರ ಕನ್ನಡಕದ ಅಂಗಡಿಗೆ ರಜೆಯೆಂದು ರಿಪೇರಿಗೆ ಗೊತ್ತಿತ್ತು.

ಮೇಷ್ಟ್ರು ಒಂದು ನಿಮಿಷ ಕೂತರು. ಆಮೇಲೆ, “ಬಂದೆ” ಎಂದು ಯಾರಿಗೂ ಅಲ್ಲದಂತೆ ಹೇಳಿ ಮೆಟ್ಟಿಲಿಳಿದರು.

ಅವಳು ಕೆಳಗೆ, ಅರ್ಧ ಎಳೆದ ಶಟರಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

“ಆ ಫೋಟೋ ಒಂದ್ಸಲ ಕೊಡಿ,” ಎಂದರು. ಕೊಟ್ಟಳು. ಅವರು ಅಂಚಿನಲ್ಲಿ ಕೂತವನ ಬೆನ್ನಿನ ಮೇಲೆ ಬೆರಳಿಟ್ಟರು. “ಇದು ನಾನು.”

ಅವಳಿಗೆ ಅರ್ಥವಾಗಲಿಲ್ಲ.

“ನಾನು ಅಲ್ಲಿ ನುಡಿಸ್ತಿರ್ಲಿಲ್ಲ. ವೈರ್ ಎಳೀತಿದ್ದೆ. ಗೋಡೆಗೆ ಹಾಕ್ತಿರೋ ಫೋಟೋದಲ್ಲಿ ನನ್ನ ಹೆಗಲ ಮೇಲಿರೋದು ನಿಮ್ಮಣ್ಣನ ಗಿಟಾರು. ತಂತಿ ಕಿತ್ತಿದ್ದು ಅವನದೇ. ನೀವು ಹೇಳಿದ್ದೇ ಸರಿ. ನಾನು, ಇಷ್ಟು ವರ್ಷ…”

ಅವಳು ಫೋಟೋ ತೆಗೆದುಕೊಂಡು ಅದನ್ನೂ ಅವರನ್ನೂ ನೋಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

“ಹಾಗಾದ್ರೆ ನೀವು ಅವನನ್ನ ಕೇಳಿದೀರಿ,” ಎಂದಳು.

“ಎರಡು ವರ್ಷ. ದಿನಾ. ಸಭೆ ಮಧ್ಯೆ ಧ್ವನಿ ಸರಿಮಾಡೋ ಪೆಟ್ಟಿಗೆ ಪಕ್ಕ ನಿಂತಿರ್ತಿದ್ದೆ.”

“ಹೇಗಿತ್ತು?”

ಮೇಷ್ಟ್ರು ಶಿಷ್ಯರಿಗೆ ನೂರು ಸಲ ತಮ್ಮ ವಾದನವೆಂದು ವರ್ಣಿಸಿದ್ದ ಮಾತುಗಳಿದ್ದವು. ಅವು ಒಂದೂ ಈಗ ನಾಲಗೆಗೆ ಬರಲಿಲ್ಲ. “ಜನಕ್ಕೆ ಅವನು ಕೇಳಿಸ್ತಿರ್ಲಿಲ್ಲ,” ಎಂದರು ನಿಧಾನವಾಗಿ. “ಹಾಡು ಕೇಳಿಸೋದು, ಡ್ರಮ್ಸ್ ಕೇಳಿಸೋದು. ಅವನದು ನೆಲದಿಂದ ಪಾದಕ್ಕೆ ಬರೋದು. ಆಗಾಗ ಬೇಕಂತಲೇ ಒಂದು ಸುತ್ತು ನುಡಿಸ್ದೇ ಬಿಟ್ಟುಬಿಡ್ತಿದ್ದ. ಆಗ ಇಡೀ ಸಭೆ ಏನೋ ಹೋಯ್ತಲ್ಲ ಅಂತ ತಲೆ ಎತ್ತೋದು. ಮತ್ತೆ ಸೇರ್ಕೊಳೋನು, ನನ್ನ ಕಡೆ ನೋಡಿ ಹುಬ್ಬು ಹಾರಿಸೋನು. ಹೋಗಿದ್ದು ಏನು ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನನಗೊಬ್ಬನಿಗೆ ಗೊತ್ತು.”

ಅವಳು ಕವರನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು. ಮುಗಿದ ಮೇಲೂ ಇನ್ನೂ ಏನಾದರೂ ಬರಬಹುದೆಂಬಂತೆ ನಿಂತಿದ್ದಳು.

“ನಿಮ್ಮ ಹತ್ರ ಕಲಿತವರು ಎಷ್ಟು ಜನ?”

“ಮುನ್ನೂರು ನಾನೂರು ಇರಬಹುದು.”

“ಅಷ್ಟು ಜನಕ್ಕೆ ನಮ್ಮಣ್ಣನ ವಿಷಯ ಎಲ್ಲಾ ಗೊತ್ತು,” ಎಂದಳು. “ನಮ್ಮಣ್ಣ ಇದ್ದ ಅನ್ನೋದೊಂದು ಬಿಟ್ಟು.”

ಮೇಷ್ಟ್ರು ತಲೆ ತಗ್ಗಿಸಿದರು. ಅವಳು ಫೋಟೋವನ್ನು ಮರಳಿ ಅವರ ಕೈಗೇ ಇಟ್ಟಳು. “ಇದನ್ನೂ ಗೋಡೆಗೆ ಹಾಕ್ಸಿ. ಕೆಳಗೆ ಏನು ಬರೀಬೇಕು ಅಂತ ನಿಮ್ಮ ಮಗಳಿಗೆ ನೀವೇ ಹೇಳಿ. ಬುಧವಾರ ಬಂದು ನೋಡ್ತೀನಿ.” ಶಟರಿನ ಕೆಳಗೆ ಬಗ್ಗಿ ಬೀದಿಗೆ ಹೋದಳು.

ಹದಿನೇಳು ಮೆಟ್ಟಿಲು. ಹತ್ತುವಾಗ ಮೇಷ್ಟ್ರಿಗೆ ಮೇಲಿನ ನಗು ಕೇಳಿಸುತ್ತಿತ್ತು. ಅವರು ಒಳಗೆ ಬಂದು ಮಗಳ ಪಕ್ಕ ನಿಂತರು, ಕೂರಲಿಲ್ಲ.

“ನನ್ನ ಫೋಟೋದ ಕೆಳಗಿನದು ಬದಲಾಯಿಸಬೇಕು,” ಎಂದರು. ಮಗಳಿಗೊಬ್ಬಳಿಗೇ ಪಿಸುಗುಟ್ಟಬಹುದಿತ್ತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಚುಟುಕಾಗಿಯೇ ಹೇಳಿದರು: ಆ ಸಂಜೆಯ ನಾಲ್ಕು ಗಂಟೆ, ಖಾಲಿ ಕುರ್ಚಿ, ಯಾರದೋ ಗಿಟಾರು, ಯಾರದೋ ರಕ್ತ. ಡುಮ್ಮಣ್ಣ ಕೈಲಿದ್ದ ಫೋಟೋಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ಗಾಯಕಿ ಕಿಟಕಿಯ ಕಡೆ ನೋಡಿದಳು. “ಹೋಗ್ಲಿ ಬಿಡಿ ಮೇಷ್ಟ್ರೇ, ಆ ವಯಸ್ಸಲ್ಲಿ ಎಲ್ಲರೂ…” ಎಂದು ಶುರುಮಾಡಿದ ರಿಪೇರಿ ಅಲ್ಲಿಗೇ ನಿಲ್ಲಿಸಿದ. ಸುಳ್ಳು ಆ ವಯಸ್ಸಿನದಲ್ಲವೆಂದು ಅವನಿಗೇ ಹೊಳೆದಿರಬೇಕು.

ಮಗಳು ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಕೆಲಸದ ಇಂಟರ್‌ವ್ಯೂನಲ್ಲಿ ಆ ತಂತಿ ಕಥೆ ಹೇಳಿದ್ದೆ,” ಎಂದಳು ಮೆಲ್ಲಗೆ. “ಈಗ್ಲೂ ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳ್ತೀನಿ.”

“ಗೊತ್ತು.”

“ಮನೆಗೆ ಬಂದವರಿಗೆ ನಾನು ಹೇಳ್ವಾಗ ನೀವು ಪಕ್ಕದಲ್ಲೇ ಕೂತಿರ್ತಿದ್ರಿ.”

ಅವಳು ಹಳೆಯ ಸಾಲಿನ ಒಂದೊಂದೇ ಅಕ್ಷರ ಅಳಿಸಿದಳು. ಹೊಸ ಫೋಟೋವನ್ನು ಗಾಜಿನ ಮೇಲಿಟ್ಟು, ಮುಚ್ಚಳ ಹಾಕಿ, ಗುಂಡಿ ಒತ್ತಿದಳು. “ಹೇಳಿ, ಬರ್ಕೋತೀನಿ,” ಎಂದಳು, ಬೇರೆ ಯಾರ ಫೋಟೋಕ್ಕೋ ಕೇಳುವ ದನಿಯಲ್ಲಿ. ಅವರು ಹೇಳಿದರು.

ಐದು ಗಂಟೆಗೆ ಇಬ್ಬರೂ ಹೊರಟರು. ಮಗಳು ಲ್ಯಾಪ್‌ಟಾಪಿನ ಚೀಲವನ್ನು ತಾನೇ ಹೊತ್ತು ನಾಲ್ಕು ಹೆಜ್ಜೆ ಮುಂದೆ ನಡೆದಳು. ಮೇಷ್ಟ್ರು ಆ ದೂರವನ್ನು ಕಡಿಮೆ ಮಾಡಿಕೊಳ್ಳಲು ಹೋಗಲಿಲ್ಲ. ಮುಚ್ಚಿದ ಅಂಗಡಿಗಳ ಸಾಲು, ಪೆಟ್ರೋಲ್ ಬಂಕು, ಬಸ್ಸಿಗೆ ಕಾದು ನಿಂತವರು. ದೊಡ್ಡ ರಸ್ತೆ ದಾಟುವಲ್ಲಿ ವಾಹನಗಳು ನಿಂತು ದಾರಿ ಬಿಟ್ಟಿದ್ದವು. ಜೊತೆಗಿದ್ದವರೆಲ್ಲ ದಾಟಿ ಹೋದರು. ಅವಳು ಬಿಳಿ ಪಟ್ಟೆಯ ಅಂಚಿನಲ್ಲಿ, ಹಿಂತಿರುಗಿ ನೋಡದೆ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಿಂತೇ ಇದ್ದಳು.